ಸರ್ಟಿಫಿಕೇಟ್ ಬಂತು, ಇಲಿ ಹಿಡಿಯೋ ಕೈ ಇನ್ನೂ ಬಂದಿಲ್ಲ

ಹೊಸಕೈ:
ಪಿಎಚ್‌ಡಿಗೆ ಸೇರಿ ಐದು ತಿಂಗಳಾಯಿತು. ನನ್ನ ಕೆಲಸಕ್ಕೆ ಇಲಿಗಳು ಬೇಕು. ಪ್ರಾಣಿ ಪ್ರಯೋಗಕ್ಕೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಗೈಡ್ ಹೆಸರಲ್ಲಿ ಮೊದಲೇ ಇತ್ತು, ನನ್ನ ಹೆಸರನ್ನು ಆಮೇಲೆ ಸೇರಿಸಿದರು. ತರಬೇತಿ ಅಂತ ಆದದ್ದು ಇಷ್ಟೇ: ಕಂಪ್ಯೂಟರ್‌ನಲ್ಲಿ ಓದಿ ಟಿಕ್ ಹಾಕುವ ಒಂದು ಪರೀಕ್ಷೆ, ಆಮೇಲೆ ಎರಡು ದಿನದ ಕ್ಲಾಸ್. ಎರಡನೇ ದಿನ ಮಧ್ಯಾಹ್ನ ಹದಿನೈದು ಜನಕ್ಕೆ ಮೂರು ಇಲಿ ಕೊಟ್ಟರು. ನನ್ನ ಸರದಿಯಲ್ಲಿ ಒಂದು ನಿಮಿಷ ಹಿಡಿದಿದ್ದೆನೋ ಏನೋ. ಸರ್ಟಿಫಿಕೇಟ್ ಬಂತು.

ಮೊನ್ನೆ ಸೀನಿಯರ್ ಒಬ್ಬರು "ಹನ್ನೆರಡು ಇಲಿಗೆ ಹೊಟ್ಟೆಗೆ ಇಂಜೆಕ್ಷನ್ ಕೊಟ್ಟು ಬಾ" ಅಂತ ಹೇಳಿ ಮೀಟಿಂಗ್‌ಗೆ ಹೋದರು. ಮೊದಲ ಇಲಿಯನ್ನು ಬಾಲ ಹಿಡಿದು ಎತ್ತಿದೆ. ಅದು ತಿರುಗಿ ಬೆರಳು ಕಚ್ಚಿತು, ಗ್ಲೌಸ್ ತೂತಾಯಿತು. ಮತ್ತೆ ಹಿಡಿದೆ. ಸೂಜಿ ಮೂರು ಸಲ ಚುಚ್ಚಿದೆ. ಮದ್ದು ಒಳಗೆ ಹೋಯಿತೋ ಚರ್ಮದ ಕೆಳಗೇ ಉಳಿಯಿತೋ ಗೊತ್ತಿಲ್ಲ. ಆ ಇಲಿ ಪಂಜರದ ಮೂಲೆಗೆ ಹೋಗಿ ಮುದುಡಿ ಕೂತುಬಿಟ್ಟಿತು. ಉಳಿದ ಹನ್ನೊಂದನ್ನು ಮುಟ್ಟದೆ ಹೊರಗೆ ಬಂದೆ. ಕಣ್ಣು, ಮೂಗು ಎರಡೂ ಸುರಿಯುತ್ತಿತ್ತು. ಅತ್ತಿದ್ದಕ್ಕೋ ಏನೋ.

ಗೈಡ್ ಬೈಯಲಿಲ್ಲ. "ನಿನಗೆ ತರಬೇತಿ ಆಗಿದೆ ಅಂತ ಕಾಗದ ಇದೆಯಲ್ಲ" ಅಂದರು ಅಷ್ಟೇ. ನನ್ನ ಪ್ರಶ್ನೆ ಎರಡು. ಇನ್ನೂ ಕಲಿಯಬೇಕು ಅಂತ ಕೇಳಿದರೆ ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ ಅಂತ ಆಗುತ್ತಾ? ಎರಡನೆಯದು, ಈ ಕೆಲಸ ಸರಿಯೇ ಅಂತ ನನಗೇ ಖಾತ್ರಿ ಇಲ್ಲದಿರುವಾಗ ಮಾಡಬಹುದಾ?

ಪಂಜರದ ಪಾಲಕ:
ಮೊದಲು ಕಚ್ಚಿದ ಜಾಗ. ಸೋಪಿನಿಂದ ಚೆನ್ನಾಗಿ ತೊಳೆದಿರಾ? ಘಟನೆಯ ಪುಸ್ತಕದಲ್ಲಿ ಬರೆಸಿದಿರಾ? ಇಲ್ಲದಿದ್ದರೆ ಇವತ್ತೇ ಬರೆಸಿ, ಡಾಕ್ಟರಿಗೆ ತೋರಿಸಿ. ಜ್ವರ, ಕೀಲು ನೋವು ಬಂದರೆ "ಇಲಿ ಕಚ್ಚಿತ್ತು" ಅಂತ ಬಾಯಿಬಿಟ್ಟು ಹೇಳಿ. ಅವರಾಗಿ ಕೇಳುವುದಿಲ್ಲ.

ಇನ್ನು ವಿಷಯಕ್ಕೆ ಬರ್ತೀನಿ. ನಾನು ಪ್ರಯೋಗದ ಪ್ರಾಣಿಗಳನ್ನು ಸಾಕುವ ಅನಿಮಲ್ ಹೌಸ್‌ನಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಪಿಎಚ್‌ಡಿ ಇಲ್ಲ, ಕೈ ಇದೆ. ಹನ್ನೊಂದನ್ನು ಮುಟ್ಟದೆ ಹೊರಗೆ ಬಂದಿರಲ್ಲ, ಅದು ನೀವು ಆ ದಿನ ಮಾಡಿದ ಅತ್ಯಂತ ಸರಿಯಾದ ಕೆಲಸ. ಎಷ್ಟೋ ಜನ ಹನ್ನೆರಡನ್ನೂ ಹಾಗೇ ಚುಚ್ಚಿ ಮುಗಿಸುತ್ತಾರೆ. ಆಮೇಲೆ "ಡೇಟಾ ಯಾಕೋ ಸರಿ ಬರ್ತಿಲ್ಲ" ಅಂತ ಆರು ತಿಂಗಳು ತಲೆ ಕೆರೆದುಕೊಳ್ಳುತ್ತಾರೆ.

ಬಾಲ ಹಿಡಿದು ಎತ್ತೋದನ್ನು ಬಿಟ್ಟುಬಿಡಿ. ನಾನೂ ಹತ್ತು ವರ್ಷ ಹಾಗೇ ಎತ್ತಿದವನು, ಹಾಗೇ ಕಲಿಸಿದ್ದರು. 2010ರಲ್ಲಿ ಬ್ರಿಟನ್ನಿನ ಜೇನ್ ಹರ್ಸ್ಟ್ ಮತ್ತು ಅವರ ಸಹೋದ್ಯೋಗಿ ಒಂದು ಸರಳ ಪರೀಕ್ಷೆ ಮಾಡಿದರು. ಕೆಲವು ಇಲಿಗಳನ್ನು ಬಾಲ ಹಿಡಿದು, ಕೆಲವನ್ನು ಕೊಳವೆಯೊಳಗೆ ಹತ್ತಿಸಿಕೊಂಡು, ಕೆಲವನ್ನು ಬೊಗಸೆಯಲ್ಲಿ ಎತ್ತಿದರು. ಬಾಲ ಹಿಡಿದವು ಕೈ ಕಂಡರೆ ದೂರ ಓಡಿದವು, ಹೆಚ್ಚು ಉಚ್ಚೆ ಹೊಯ್ದವು, ಹೆದರಿಕೆಯ ಪರೀಕ್ಷೆಯಲ್ಲೂ ಜಾಸ್ತಿ ಹೆದರಿದವು. ಕೊಳವೆಯವು ತಾವೇ ಕೈ ಹತ್ತಿರ ಬಂದವು. ನಾವು ಇಲ್ಲಿ ಬದಲಾಯಿಸಿಕೊಂಡದ್ದು ಅದನ್ನು ಕೇಳಿದ ಮೇಲೆ. ಅಂಗೈ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ಪಂಜರಕ್ಕೊಂದು. ಇಲಿ ಅದರೊಳಗೇ ಮಲಗುತ್ತೆ, ಅದರೊಳಗೇ ಆಡುತ್ತೆ. ನೀವು ಎತ್ತುವಾಗ ಅದಕ್ಕೆ ಹೊಸದೇನೂ ಅಲ್ಲ.

ಇಂಜೆಕ್ಷನ್‌ಗೆ ಮಾತ್ರ ಬಿಗಿಯಾಗಿ ಹಿಡಿಯಲೇಬೇಕು. ಕೊಳವೆಯಿಂದ ಪಂಜರದ ತಂತಿ ಮುಚ್ಚಳದ ಮೇಲೆ ಇಳಿಸಿ. ಮುಂಗಾಲಿನಿಂದ ತಂತಿ ಹಿಡಿದುಕೊಂಡು ಮುಂದಕ್ಕೆ ಎಳೆಯುತ್ತೆ. ಬಾಲದ ಬುಡವನ್ನು ಮೆಲ್ಲಗೆ ಅದುಮಿ. ತುದಿ ಬೇಡ, ತುದಿ ಹಿಡಿದರೆ ಚರ್ಮ ಸುಲಿದು ಬರುತ್ತೆ. ಆಗ ಹೆಬ್ಬೆರಳು, ತೋರುಬೆರಳಿಂದ ಕಿವಿಯ ಹಿಂದಿನ ಸಡಿಲ ಚರ್ಮವನ್ನು ಒಟ್ಟು ಮಾಡಿ ಹಿಡಿಯಿರಿ. ಕಿವಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ದೂರ ಹಿಡಿದರೆ ತಲೆ ತಿರುಗಿಸಿ ಕಚ್ಚುತ್ತೆ, ನಿಮಗಾದದ್ದು ಅದೇ. ಕೈ ತಿರುಗಿಸಿ, ಬಾಲವನ್ನು ಕಿರುಬೆರಳಿನ ಕೆಳಗೆ ಸಿಕ್ಕಿಸಿ. ಈಗ ಮೂಗು, ಒಸಡು ನೋಡಿ. ನಸುಗೆಂಪು ಇದ್ದರೆ ಸರಿ. ನೀಲಿಗೆ ತಿರುಗಿದರೆ, ಕಣ್ಣು ಹೊರಗೆ ಬಂದಂತೆ ಕಂಡರೆ ಹಿಡಿತ ಜಾಸ್ತಿಯಾಗಿದೆ. ಬಿಟ್ಟುಬಿಡಿ, ಇಲಿ ಉಸಿರಾಡಲಿ.

ಇದನ್ನು ಓದಿದರೆ ಬರಲ್ಲ. ನಮ್ಮಲ್ಲಿ ಹೊಸಬರಿಗೆ ಮೊದಲ ವಾರ ಸಿರಿಂಜೇ ಕೊಡುವುದಿಲ್ಲ. ಪಂಜರ ಬದಲಾಯಿಸುವ ಕೆಲಸ, ಅಷ್ಟೇ. ಕೈಗೂ ಇಲಿಗೂ ಪರಿಚಯ ಆಗಬೇಕು.

ಬಾಲಗೋಚಿ:
ನಡುಗಿದ್ದು ಕೈ ಅಲ್ಲ, ನಿಮ್ಮ ಮನಸ್ಸಾಕ್ಷಿ. ಅದನ್ನು "ತರಬೇತಿ ಕೊರತೆ" ಅಂತ ಹೆಸರಿಟ್ಟು ಸುಮ್ಮನಾಗಿಸಲು ಹೊರಟಿದ್ದೀರಿ. ಚೆನ್ನಾಗಿ ಚುಚ್ಚಲು ಕಲಿತರೆ ಚುಚ್ಚೋದು ಸರಿಯಾಗಿಬಿಡುತ್ತಾ?

2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಅನ್ನುವ ಔಷಧಿಯನ್ನು ಆರು ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟರು. ಮಂಗಗಳಲ್ಲಿ ಇದರ ಐನೂರು ಪಟ್ಟು ಡೋಸ್ ಕೊಟ್ಟಾಗಲೂ ಏನೂ ಆಗಿರಲಿಲ್ಲ. ಆರೂ ಜನ ಕೆಲವೇ ಗಂಟೆಗಳಲ್ಲಿ ತೀವ್ರ ನಿಗಾ ಘಟಕ ಸೇರಿದರು. ಪ್ರಾಣಿ ಹೇಳಿದ ಉತ್ತರ ಮನುಷ್ಯನಿಗೆ ಸರಿಹೊಂದಲಿಲ್ಲ. ಆದರೂ ಅದೇ ದಾರಿಯಲ್ಲೇ ಇದ್ದೀರಿ.

ಹೊಸಕೈ:
ಪಾಲಕ ಅಣ್ಣ, ತುಂಬಾ ಥ್ಯಾಂಕ್ಸ್. ಗಾಯ ತೊಳೆದಿದ್ದೆ, ಬರೆಸಿರಲಿಲ್ಲ. ಈಗ ಬರೆಸಿದೆ.

ಬಾಲಗೋಚಿ ಅವರೇ, ನಿಮ್ಮ ಮಾತು ಚುಚ್ಚಿತು. ಆದರೆ ನನ್ನ ಎರಡನೇ ಪ್ರಶ್ನೆಯನ್ನು ಇಲ್ಲಿ ಕಿವಿಗೆ ಹಾಕಿಕೊಂಡದ್ದು ನೀವೊಬ್ಬರೇ.

ಸುಮ್ನೆ ಬಂದವ:
ಇಲಿ ತಾನೇ? ಮನೆಗೆ ಬಂದರೆ ಬೋನಿಟ್ಟು ಸಾಯಿಸ್ತೀವಿ. ಇದಕ್ಕೆ ಇಷ್ಟು ಉದ್ದ ಚರ್ಚೆನಾ?

ಪಂಜರದ ಪಾಲಕ:
ಮನೆಯ ಇಲಿಗೆ ಬಾಗಿಲಿದೆ, ಓಡಿಹೋಗುತ್ತೆ. ನಮ್ಮ ಇಲಿಗೆ ಬೀಗ ಹಾಕಿರೋದು ನಾವು.

ಸೂಜಿಮದ್ದು:
ನಾನು ಪಶುವೈದ್ಯೆ. ಪ್ರಯೋಗಾಲಯದ ಪ್ರಾಣಿಗಳೇ ನನ್ನ ಕೆಲಸ. ಮೊದಲ ಪ್ರಶ್ನೆಗೆ ನೇರ ಉತ್ತರ ಹೇಳ್ತೀನಿ. ಇನ್ನೂ ಕಲಿಯಬೇಕು ಅಂತ ಕೇಳೋದು ನಿಮ್ಮ ಹಕ್ಕು. ಎಷ್ಟೋ ಕಡೆ ಕಾನೂನೇ ಹಾಗೆ ಹೇಳುತ್ತೆ.

ಪ್ರಯೋಗದ ಪ್ರಾಣಿಗಳ ಬಗ್ಗೆ ಐರೋಪ್ಯ ಒಕ್ಕೂಟದ 2010ರ ನಿರ್ದೇಶನದ 23ನೇ ವಿಧಿಯನ್ನೇ ತೆಗೆದುಕೊಳ್ಳಿ. ಕೆಲಸ ಮಾಡುವವರಿಗೆ ತಕ್ಕ ಓದು, ತರಬೇತಿ ಇರಬೇಕು. ಜೊತೆಗೆ, ತನಗೆ ಕೆಲಸ ಬರುತ್ತೆ ಅಂತ ಮಾಡಿ ತೋರಿಸುವವರೆಗೂ ಮೇಲ್ವಿಚಾರಣೆಯಲ್ಲೇ ಇರಬೇಕು. ಕ್ಲಾಸಿಗೆ ಹಾಜರಿ ಹಾಕಿದರೆ ಸಾಲದು. ಆ ನಿರ್ದೇಶನ ನಾಲ್ಕು ಬಗೆಯ ಕೆಲಸಗಳನ್ನು ಬೇರೆ ಬೇರೆ ಮಾಡುತ್ತೆ: ಪ್ರಾಣಿಯ ಮೇಲೆ ಪ್ರಯೋಗ ನಡೆಸೋದು, ಪ್ರಯೋಗವನ್ನು ರೂಪಿಸೋದು, ಪ್ರಾಣಿಗಳನ್ನು ನೋಡಿಕೊಳ್ಳೋದು, ಕೊಲ್ಲೋದು. ಒಂದು ಬಂದರೆ ಇನ್ನೊಂದು ಬರುತ್ತೆ ಅಂತ ಇಲ್ಲ. ಅಮೆರಿಕದ 1966ರ ಪ್ರಾಣಿ ಕಾಯ್ದೆಗೆ 1985ರ ತಿದ್ದುಪಡಿ ಬಂದಾಗ ಸಿಬ್ಬಂದಿಯ ತರಬೇತಿ ಕಡ್ಡಾಯವಾಯಿತು, ಸಂಸ್ಥೆಗೊಂದು ಕಮಿಟಿಯೂ ಬಂತು. ಭಾರತದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಕೆಳಗೆ ಕೇಂದ್ರದ ಸಮಿತಿ, ಅದರ ಕೆಳಗೆ ಸಂಸ್ಥೆಗಳ ಕಮಿಟಿ. ಇದೆಲ್ಲದರ ಹಳೆಯ ಬೇರು ಬ್ರಿಟನ್ನಿನ 1876ರ ಪ್ರಾಣಿಹಿಂಸೆ ಕಾಯ್ದೆಯಲ್ಲಿದೆ. ವಿಚಿತ್ರ ಅಂದರೆ, ಅಮೆರಿಕದ ಆ ಕಾಯ್ದೆಯಲ್ಲಿ ಪ್ರಯೋಗಕ್ಕೆಂದೇ ಬೆಳೆಸಿದ ಸಾಮಾನ್ಯ ಇಲಿಗಳು "ಪ್ರಾಣಿ" ಅನ್ನುವ ಪದದೊಳಗೇ ಬರುವುದಿಲ್ಲ! ಸರ್ಕಾರಿ ಹಣದ ಸಂಶೋಧನೆಗೆ ಬೇರೆ ನಿಯಮ ಇದೆ, ಅದರಲ್ಲಿ ಬರುತ್ತವೆ.

ತರಬೇತಿಯ ಮೆಟ್ಟಿಲು ಹೀಗಿರಬೇಕು. ಮೊದಲು ಓದು. ಆಮೇಲೆ ರಬ್ಬರ್ ಇಲಿ. ಆಮೇಲೆ ಬೇರೆ ಕಾರಣಕ್ಕೆ ಸತ್ತ ಪ್ರಾಣಿಯ ದೇಹ. ಆಮೇಲೆ ಅರಿವಳಿಕೆಯಲ್ಲಿರುವ, ಮತ್ತೆ ಏಳದ ಪ್ರಾಣಿ. ಎಚ್ಚರವಿರುವ ಇಲಿ ಕೊನೆಗೆ, ಅದೂ ಪಕ್ಕದಲ್ಲಿ ಗೊತ್ತಿರುವವರು ನಿಂತಿರುವಾಗ. ನಿಮ್ಮನ್ನು ಮೊದಲ ಮೆಟ್ಟಿಲಿನಿಂದ ಎತ್ತಿ ಕೊನೆಯ ಮೆಟ್ಟಿಲಿನಲ್ಲಿ ನಿಲ್ಲಿಸಿದ್ದಾರೆ. ಬಿದ್ದದ್ದರಲ್ಲಿ ಆಶ್ಚರ್ಯ ಏನಿಲ್ಲ.

ಇನ್ನೊಂದು ಮಾತು. ಆ ಇಲಿ ಮುದುಡಿ ಕೂತಿತ್ತು ಅಂದಿರಲ್ಲ, ಮುಖ ನೋಡಿದಿರಾ? ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೆಫ್ರಿ ಮೋಗಿಲ್ ತಂಡ 2010ರಲ್ಲೇ ಇಲಿಯ ಮುಖದಲ್ಲಿ ನೋವು ಓದುವ ಅಳತೆ ಕೊಟ್ಟಿದೆ. ಕಣ್ಣು ಕಿರಿದಾಗುತ್ತೆ. ಮೂಗಿನ ಮೇಲೂ ಕೆನ್ನೆಯಲ್ಲೂ ಉಬ್ಬು. ಕಿವಿ ಹಿಂದಕ್ಕೆ, ಹೊರಕ್ಕೆ ಹೋಗುತ್ತೆ. ಮೀಸೆ ಸೆಟೆಯುತ್ತೆ ಇಲ್ಲವೇ ಕೆನ್ನೆಗೆ ಒತ್ತುತ್ತೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಚಿತ್ರ ಮುದ್ರಿಸಿ ಕೋಣೆಯ ಗೋಡೆಗೆ ಅಂಟಿಸಿ. ಒಂದು ವಾರದಲ್ಲಿ ಕಣ್ಣಿಗೆ ರೂಢಿಯಾಗುತ್ತೆ. ಇಲಿ ಬೇಟೆಗೆ ಬಲಿಯಾಗುವ ಜಾತಿ, ಮನುಷ್ಯ ಎದುರಿಗೆ ನಿಂತಿದ್ದರೆ ನೋವನ್ನು ಮುಚ್ಚಿಡುತ್ತೆ. ಹಾಗಾಗಿ ಪಂಜರ ಎಳೆಯುವ ಮೊದಲೇ ದೂರದಿಂದ ನೋಡಬೇಕು.

ಅಂಕಿಸಂಕಿ:
ನಾನು ಲೆಕ್ಕದವನು. ಇಲಿ ಮುಟ್ಟಿಲ್ಲ, ಮುಟ್ಟೋದೂ ಇಲ್ಲ. ಆದರೆ ನನ್ನ ತಪ್ಪಿನಿಂದ ಸತ್ತ ಇಲಿಗಳು ಪಾಲಕ ಅಣ್ಣನ ಕೈಯಲ್ಲಿ ಸತ್ತದ್ದಕ್ಕಿಂತ ಜಾಸ್ತಿ ಇರಬಹುದು.

"ಗುಂಪಿಗೆ ಐದು ಇಲಿ ಸಾಕಾ ಸರ್?" ಅಂತ ಕೇಳ್ತಾರೆ. ಯಾಕೆ ಐದು? "ಎಲ್ಲರೂ ಹಾಗೇ ಮಾಡ್ತಾರೆ." ಎರಡು ಗುಂಪುಗಳ ನಡುವೆ ಒಂದು ಪ್ರಮಾಣ ವಿಚಲನೆಯಷ್ಟು (ಇಲಿಯಿಂದ ಇಲಿಗೆ ಸಹಜವಾಗಿ ಇರುವ ಏರುಪೇರಿನ ಅಳತೆ ಅದು) ವ್ಯತ್ಯಾಸ ನಿಜವಾಗಿ ಇದೆ ಅಂದುಕೊಳ್ಳಿ. ಅದೇನೂ ಸಣ್ಣದಲ್ಲ. ಗುಂಪಿಗೆ ಐದು ಇಲಿ ಇಟ್ಟರೆ ಆ ವ್ಯತ್ಯಾಸ ಕಣ್ಣಿಗೆ ಬೀಳುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಕಡಿಮೆ. ಶೇಕಡಾ 80ರಷ್ಟು ಸಾಧ್ಯತೆ ಬೇಕಿದ್ದರೆ ಗುಂಪಿಗೆ 17 ಬೇಕು. "ಕಡಿಮೆ ಪ್ರಾಣಿ ಬಳಸಿ" ಅನ್ನೋದನ್ನು ತಪ್ಪಾಗಿ ಅರ್ಥ ಮಾಡಿಕೊಂಡು ಐದೈದರಂತೆ ಮೂರು ಸಲ ಮಾಡಿ, ಮೂರು ಸಲವೂ ಏನೂ ಸಿಗದೆ ಮೂವತ್ತು ಇಲಿ ಕಸದ ಚೀಲಕ್ಕೆ. ಸರಿಯಾಗಿ ಒಂದೇ ಸಲ ಮೂವತ್ತನಾಲ್ಕು ಇಟ್ಟಿದ್ದರೆ ಉತ್ತರ ಸಿಗುವ ಆಸೆಯಾದರೂ ಇತ್ತು.

1959ರಲ್ಲಿ ವಿಲಿಯಂ ರಸೆಲ್, ರೆಕ್ಸ್ ಬರ್ಚ್ ಮೂರು ಮಾತು ಹೇಳಿದರು: ಬೇರೆ ದಾರಿ ಇದ್ದರೆ ಪ್ರಾಣಿ ಬೇಡ, ಬೇಕಾದರೆ ಸಾಕಾಗುವಷ್ಟೇ, ಬಳಸುವಾಗ ನೋವು ಆದಷ್ಟು ಕಡಿಮೆ. ಎಥಿಕ್ಸ್ ಕಮಿಟಿಯ ಫಾರಂಗಳ ಬೇರು ಇಲ್ಲೇ. ಜನ ಮಧ್ಯದ್ದನ್ನು ಬರೀ ಚೌಕಾಸಿ ಅಂದುಕೊಂಡಿದ್ದಾರೆ.

ಹೊಸಕೈ ಅವರೇ, ನಿಮ್ಮ ಆ ಮೊದಲ ಇಲಿಯ ವಿಷಯ. ಅದಕ್ಕೆ ಮೂರು ಸಲ ಚುಚ್ಚಿದ್ದು, ಮದ್ದು ಎಲ್ಲಿ ಹೋಯಿತು ಗೊತ್ತಿಲ್ಲ ಅನ್ನೋದು ಎರಡನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ. ಕೊನೆಗೆ ಪೇಪರ್ ಬರೆಯುವಾಗ ಯಾವ ಇಲಿಯನ್ನು ಯಾಕೆ ಕೈಬಿಟ್ಟಿರಿ ಅಂತಲೂ ಹೇಳಬೇಕಾಗುತ್ತೆ. ಪ್ರಾಣಿ ಪ್ರಯೋಗದ ಪೇಪರ್‌ನಲ್ಲಿ ಏನೇನು ಬರೆಯಬೇಕು ಅಂತ ಹೇಳುವ ಅರೈವ್ ಮಾರ್ಗಸೂಚಿ 2010ರಲ್ಲಿ ಬಂತು, 2020ರಲ್ಲಿ ಹೊಸ ರೂಪ ಪಡೆಯಿತು. ಅದರ ಹತ್ತು ಮುಖ್ಯ ಅಂಶಗಳಲ್ಲಿ ಇದೂ ಒಂದು. ಯಾರು ಯಾವ ಗುಂಪು ಅಂತ ಚೀಟಿ ಎತ್ತಿ ಹಂಚಿದಿರಾ, ಅಳೆಯುವವರಿಗೆ ಗುಂಪು ಗೊತ್ತಿತ್ತಾ, ಅದೂ ಬೇಕು. ಪಂಜರದಿಂದ ಸುಲಭವಾಗಿ ಕೈಗೆ ಸಿಕ್ಕ ಇಲಿಗಳೆಲ್ಲ ಮೊದಲ ಗುಂಪಿಗೆ ಹೋದರೆ, ಅವು ಸೋಂಬೇರಿ ಇಲಿಗಳಾಗಿರಬಹುದು, ಅಲ್ವಾ?

ಪಂಜರದ ಪಾಲಕ:
ಕೋಣೆಗೆ ಯಾರು ಬಂದರು ಅನ್ನೋದೂ ಬರೆಯಬೇಕು. ಮೇಡಂ ಹೇಳಿದ ಅದೇ ಮೋಗಿಲ್ ತಂಡ 2014ರಲ್ಲಿ ಕಂಡುಕೊಂಡದ್ದು: ಗಂಡಸರು ಕೋಣೆಯಲ್ಲಿದ್ದರೆ, ಅವರು ತೊಟ್ಟ ಟೀ ಶರ್ಟ್ ಇಟ್ಟರೂ ಸಾಕು, ಇಲಿಗಳಿಗೆ ಒತ್ತಡವಾಗಿ ನೋವಿನ ಲಕ್ಷಣ ಕಡಿಮೆ ಕಾಣುತ್ತೆ. ಹೆಂಗಸರಿದ್ದರೆ ಹಾಗಾಗಲಿಲ್ಲ. ಇದನ್ನು ಓದಿ ನಮ್ಮ ಮನೆಯಾಕೆ ಒಂದು ವಾರ ನಕ್ಕಳು.

ಬಾಲಗೋಚಿ:
ಎಲ್ಲ ಚೆನ್ನಾಗಿದೆ. ಕೊಳವೆ, ಮುಖದ ಅಂಕ, 17 ಇಲಿ. ಆದರೆ ಮೂರು ಮಾತಿನಲ್ಲಿ ಮೊದಲನೆಯದು "ಬೇರೆ ದಾರಿ ಇದ್ದರೆ ಪ್ರಾಣಿ ಬೇಡ". ಅದರ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಕಮಿಟಿಯಲ್ಲಿ ಆ ಪ್ರಶ್ನೆಗೆ "ಬೇರೆ ದಾರಿ ಇಲ್ಲ" ಅಂತ ಒಂದು ಸಾಲು ಬರೆದರೆ ಮುಗಿಯಿತು. ರಬ್ಬರ್ ಸ್ಟಾಂಪ್.

ಸೂಜಿಮದ್ದು:
ಒಂದು ಸಾಲು ಬರೆದು ಮುಗಿಸುವವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ದಾರಿ ಬದಲಾದದ್ದೂ ಉಂಟು. ವಿಷದ ಅಳತೆಗೆ ಅರ್ಧ ಪ್ರಾಣಿಗಳು ಸಾಯುವ ಡೋಸ್ ಹುಡುಕುವ ಪರೀಕ್ಷೆ 1927ರಿಂದ ಇತ್ತು. ಅದರ ಹಳೆಯ ರೂಪವನ್ನು ಒಇಸಿಡಿ ಅನ್ನುವ ದೇಶಗಳ ಒಕ್ಕೂಟ 2002ರಲ್ಲಿ ತನ್ನ ಪರೀಕ್ಷೆಗಳ ಪಟ್ಟಿಯಿಂದಲೇ ತೆಗೆದುಹಾಕಿತು. ಚುಚ್ಚುಮದ್ದಿನಲ್ಲಿ ಜ್ವರ ಬರಿಸುವ ಕಲ್ಮಶ ಇದೆಯಾ ಅಂತ ನೋಡಲು ಮೊಲಕ್ಕೆ ಚುಚ್ಚಿ ಜ್ವರ ಅಳೆಯುತ್ತಿದ್ದರು. ಈಗ ಮನುಷ್ಯನ ರಕ್ತಕಣಗಳಲ್ಲೇ ನೋಡುವ ಪರೀಕ್ಷೆ ಇದೆ. ಚರ್ಮ ಸುಡುತ್ತದೆಯೇ ಅನ್ನಲು ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯ ಚರ್ಮ ಬಂದಿದೆ. 2013ರಿಂದ ಐರೋಪ್ಯ ಒಕ್ಕೂಟದಲ್ಲಿ ಪ್ರಾಣಿಗಳ ಮೇಲೆ ಪರೀಕ್ಷಿಸಿದ ಸೌಂದರ್ಯವರ್ಧಕಗಳನ್ನು ಮಾರುವಂತಿಲ್ಲ. ಹೊಸ ಔಷಧಿಗೆ ಪ್ರಾಣಿ ಪರೀಕ್ಷೆ ಕಡ್ಡಾಯ ಅನ್ನುವ ಮಾತನ್ನು ಅಮೆರಿಕ 2022ರ ಡಿಸೆಂಬರ್‌ನಲ್ಲಿ ಕಾನೂನಿನಿಂದ ತೆಗೆಯಿತು.

ಹಾಗಂತ ಇನ್ನೊಂದು ಕಡೆಯನ್ನೂ ನೋಡಬೇಕಲ್ಲ. 1937ರಲ್ಲಿ ಅಮೆರಿಕದಲ್ಲಿ ಸೋಂಕಿಗೆ ಕೊಡುವ ಸಲ್ಫಾ ಔಷಧಿಯನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ ಸಿಹಿ ಸಿರಪ್ ಮಾಡಿ ಮಾರಿದರು. ಅದರ ವಿಷ ಪರೀಕ್ಷೆಯನ್ನೇ ಯಾರೂ ಮಾಡಿರಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಮಕ್ಕಳು ಬಹಳ. ಮರುವರ್ಷವೇ ಹೊಸ ಕಾನೂನು ಬಂತು. ನಿಮ್ಮ ಟಿಜಿಎನ್1412 ನಿಜ. ಇದೂ ನಿಜ.

ಬಾಲಗೋಚಿ:
ಒಪ್ಪುತ್ತೇನೆ. ಆದರೆ ಇದು ನನ್ನ ಪ್ರಶ್ನೆಗೆ ಉತ್ತರ ಅಲ್ಲ. ಆ ಸಿರಪ್‌ನಿಂದ ಸತ್ತವರ ಲೆಕ್ಕವನ್ನು ಇಲಿ ಯಾಕೆ ತೀರಿಸಬೇಕು?

ಸೂಜಿಮದ್ದು:
ತೀರಿಸಬೇಕಾಗಿಲ್ಲ. ನಾವು ತೀರಿಸಿಕೊಳ್ಳುತ್ತಿದ್ದೇವೆ, ಅದರ ಒಪ್ಪಿಗೆ ಇಲ್ಲದೆ. ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿದ್ದರೂ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ನಿವೃತ್ತ ಮೇಷ್ಟ್ರು:
ರಬ್ಬರ್ ಸ್ಟಾಂಪ್ ಅಂದದ್ದಕ್ಕೆ ಬಂದೆ. ನಾನು ಒಂದು ಕಮಿಟಿಯಲ್ಲಿ ಹೊರಗಿನ ಸದಸ್ಯ. ವಿಜ್ಞಾನಿ ಅಲ್ಲ, ಭಾಷೆ ಪಾಠ ಮಾಡಿದವನು. ಮೊದಲ ವರ್ಷ ನಿಜವಾಗಿಯೂ ಸ್ಟಾಂಪೇ ಆಗಿದ್ದೆ. ನಲವತ್ತು ಪುಟದ ಪ್ರೊಟೊಕಾಲ್, ಅಂದರೆ ಪ್ರಯೋಗದ ಲಿಖಿತ ಯೋಜನೆ, ಓದಿದರೆ ಅರ್ಥವೇ ಆಗುತ್ತಿರಲಿಲ್ಲ. ಎಲ್ಲರೂ ತಲೆ ಆಡಿಸಿದರೆ ನಾನೂ ಆಡಿಸುತ್ತಿದ್ದೆ.

ಒಂದು ದಿನ ಸುಮ್ನೆ ಕೇಳಿದೆ: "ಈ ಇಲಿಗೆ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನಾಗುತ್ತೆ, ಕಥೆಯ ಹಾಗೆ ಹೇಳಿ." ಬಂದಿದ್ದ ಸಂಶೋಧಕರು ಶುರು ಮಾಡಿದರು. ಏಳಕ್ಕೆ ಆಹಾರ ತೆಗೀತೀವಿ, ಹನ್ನೊಂದಕ್ಕೆ ಆಪರೇಷನ್, ಒಂದಕ್ಕೆ ಪಂಜರಕ್ಕೆ ವಾಪಸ್, ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ನೋಡ್ತೀವಿ. "ಒಂದರಿಂದ ಒಂಬತ್ತರವರೆಗೆ?" ಅಂದೆ. ಕೋಣೆ ಸುಮ್ಮನಾಯಿತು. ಆ ಇಪ್ಪತ್ತು ಗಂಟೆ ಪ್ರೊಟೊಕಾಲ್‌ನಲ್ಲಿ ಇರಲೇ ಇಲ್ಲ. ನೋವುಮದ್ದು ಒಂದೇ ಡೋಸ್, ರಾತ್ರಿ ನೋಡುವವರು ಯಾರೂ ಇಲ್ಲ. ಅವರೇನು ಕ್ರೂರಿಗಳಲ್ಲ. ಯಾರೂ ಕೇಳಿರಲಿಲ್ಲ ಅಷ್ಟೇ. ಪ್ರೊಟೊಕಾಲ್ ವಾಪಸ್ ಹೋಯಿತು, ರಾತ್ರಿ ಪಾಳಿ ಸೇರಿಸಿಕೊಂಡು ಬಂತು.

ಅಂದಿನಿಂದ ಪ್ರತಿ ಸಲ ಅದೇ ಪ್ರಶ್ನೆ. ಈಗ ನನ್ನನ್ನು ಕಂಡರೆ ಕಥೆ ಸಿದ್ಧ ಮಾಡಿಕೊಂಡೇ ಬರ್ತಾರೆ. ಜೊತೆಗೆ ಇನ್ನೊಂದು ಪ್ರಶ್ನೆ ಕಲಿತಿದ್ದೇನೆ: "ಇದನ್ನು ಯಾರ ಕೈ ಮಾಡುತ್ತೆ?" ಗೈಡ್ ಹೆಸರಲ್ಲ, ಕೈ ಯಾರದ್ದು. ಈ ಮಗಳ ಕಥೆ ಓದಿದ ಮೇಲೆ ಆ ಪ್ರಶ್ನೆಯನ್ನು ಇನ್ನೂ ಜೋರಾಗಿ ಕೇಳ್ತೀನಿ.

ಪಂಜರದ ಪಾಲಕ:
ಮೇಷ್ಟ್ರೇ, ನಿಮ್ಮಂಥವರು ನಮ್ಮ ಕಮಿಟಿಗೂ ಬೇಕು.

ಅಂಕಿಸಂಕಿ:
ಮೇಷ್ಟ್ರ ಪ್ರಶ್ನೆ ಕಳ್ಳತನ ಮಾಡ್ತಿದ್ದೇನೆ.

ಹೊಸಕೈ:
ಒಂದು ವಿಷಯ ಕೇಳಲೇ ಬೇಕಿದೆ, ಕೇಳೋಕೆ ಕಷ್ಟ. ಕ್ಲಾಸಿನಲ್ಲಿ ಕೊಲ್ಲುವ ಭಾಗವನ್ನು ಎರಡು ಸ್ಲೈಡ್‌ನಲ್ಲಿ ಮುಗಿಸಿದರು. ಪ್ರಯೋಗದ ಕೊನೆಯಲ್ಲಿ ಅದನ್ನೂ ನಾನೇ ಮಾಡಬೇಕು.

ಸೂಜಿಮದ್ದು:
ಕೇಳಿದ್ದು ಒಳ್ಳೆಯದಾಯಿತು. ವಿಧಾನ ನಿಮ್ಮ ಪ್ರೊಟೊಕಾಲ್‌ನಲ್ಲಿ ಬರೆದಿರುತ್ತೆ, ಅದನ್ನು ಬಿಟ್ಟು ಒಂದು ಹೆಜ್ಜೆಯೂ ಬೇಡ. ಅದನ್ನು ಕಲಿಸುವವರು ಪಕ್ಕದಲ್ಲಿ ನಿಂತು, ನೀವು ಸರಿಯಾಗಿ ಮಾಡಿದ್ದನ್ನು ಕಣ್ಣಾರೆ ನೋಡಿ ಸಹಿ ಹಾಕಿದ ಮೇಲೆಯೇ ಒಬ್ಬರೇ ಮಾಡಬೇಕು. ಇಂಗಾಲದ ಡೈಆಕ್ಸೈಡ್ ಬಳಸುವುದಾದರೆ ಮೊದಲೇ ಅನಿಲ ತುಂಬಿದ ಡಬ್ಬಿಗೆ ಇಲಿ ಹಾಕಬಾರದು, ಅದಕ್ಕೆ ಉಸಿರಾಟದಲ್ಲೇ ಉರಿ, ಭಯ. ನಿಧಾನವಾಗಿ ತುಂಬಬೇಕು. ಅಮೆರಿಕದ ಪಶುವೈದ್ಯರ ಸಂಘದ 2020ರ ಮಾರ್ಗಸೂಚಿ ನಿಮಿಷಕ್ಕೆ ಡಬ್ಬಿಯ ಗಾತ್ರದ 30ರಿಂದ 70 ಶೇಕಡಾ ಅನ್ನುತ್ತೆ. ಮೀಟರ್ ಇಲ್ಲದ ಸಿಲಿಂಡರ್ ಇದ್ದರೆ ಮುಟ್ಟಬೇಡಿ. ಆಮೇಲೆ ಬೇರೆ ವಿಧಾನದಿಂದ ಸಾವನ್ನು ಖಚಿತ ಮಾಡಿಕೊಳ್ಳಲೇಬೇಕು. ಆಗತಾನೆ ಹುಟ್ಟಿದ ಮರಿಗಳು ಈ ಅನಿಲದಲ್ಲಿ ಬಹಳ ಹೊತ್ತು ಬದುಕಿರುತ್ತವೆ, ಅವಕ್ಕೆ ನಿಯಮವೇ ಬೇರೆ.

ಪ್ರಯೋಗ ಮುಗಿಯುವ ಮೊದಲೇ ನಿಲ್ಲಿಸಬೇಕಾದ ಗೆರೆ ಎಲ್ಲಿದೆ ಅಂತಲೂ ಬಾಯಿಪಾಠ ಇರಲಿ. ಎಷ್ಟೋ ಪ್ರೊಟೊಕಾಲ್‌ಗಳಲ್ಲಿ ತೂಕ ಶೇಕಡಾ 20 ಇಳಿದರೆ ಅಲ್ಲಿಗೆ ಮುಗಿಸಬೇಕು ಅಂತ ಇರುತ್ತೆ. 25 ಗ್ರಾಂ ಇಲಿ 20 ಗ್ರಾಂ ಆದರೆ ಸಾಕು. ಅದಕ್ಕೇ ದಿನಾ ತೂಕ ಹಾಕಬೇಕು. ಗೆಡ್ಡೆ ಬೆಳೆಯುವ ಪ್ರಯೋಗದಲ್ಲಿ ತೂಕ ಮೋಸ ಮಾಡುತ್ತೆ, ಗೆಡ್ಡೆಯ ತೂಕವೂ ಸೇರಿಕೊಳ್ಳುತ್ತಲ್ಲ. ಆಗ ಬೆನ್ನ ಮೇಲೆ ಬೆರಳಾಡಿಸಿ ಮೂಳೆ ಎಷ್ಟು ಸಿಗುತ್ತೆ ಅಂತ ನೋಡಬೇಕು.

ಪಂಜರದ ಪಾಲಕ:
ನಾನು ಇವತ್ತಿಗೂ ಕೊಲ್ಲುವ ಕೆಲಸ ಇದ್ದ ದಿನ ರಾತ್ರಿ ಊಟ ತಡವಾಗಿ ಮಾಡ್ತೀನಿ. ಮೊದಲು ಇದನ್ನು ಯಾರಿಗೂ ಹೇಳಿರಲಿಲ್ಲ. ಹೊಸಬರಿಗೆ ಈಗ ಹೇಳ್ತೀನಿ, ಅವರಿಗೂ ಹಾಗೇ ಆಗುತ್ತೆ ಅಂತ ಗೊತ್ತಿರಲಿ ಅಂತ. ಅದೇ ದಿನ ಬೇರೆ ಭಾರಿ ಕೆಲಸ ಇಟ್ಟುಕೊಳ್ಳಬೇಡಿ. ಬೇರೆ ಇಲಿಗಳ ಎದುರಿಗೆ ಮಾಡಬೇಡಿ. ಒಬ್ಬರೇ ಮಾಡಬೇಡಿ.

ಬಾಲಗೋಚಿ:
ಪಾಲಕರೇ, ನೀವು ಇದನ್ನು ಬರೆದದ್ದಕ್ಕೆ ಗೌರವ. ನನ್ನ ನಿಲುವು ಬದಲಾಗಿಲ್ಲ.

ಪಂಜರದ ಪಾಲಕ:
ಬದಲಾಗಬೇಕು ಅಂತ ಬರೆದದ್ದಲ್ಲ ಬಿಡಿ.

ಹೊಸಕೈ (ಮೂರು ವಾರದ ನಂತರ):
ಏನಾಯಿತು ಅಂತ ಹೇಳಲು ಬಂದೆ. ಗೈಡ್ ಹತ್ತಿರ ಹೋಗಿ, "ಸರ್, ನನಗೆ ಕಾಗದ ಇದೆ, ಕೈ ಇಲ್ಲ. ಹೀಗೇ ಮಾಡಿದರೆ ಡೇಟಾ ಹಾಳಾಗುತ್ತೆ" ಅಂದೆ. ಇಲಿಯ ನೋವಿನ ವಿಷಯಕ್ಕಿಂತ ಡೇಟಾ ಹಾಳಾಗೋ ವಿಷಯಕ್ಕೆ ಬೇಗ ಕಿವಿ ಕೊಟ್ಟರು, ಸುಳ್ಳು ಯಾಕೆ ಹೇಳಲಿ. ನಮ್ಮ ಅನಿಮಲ್ ಹೌಸ್‌ನ ಅಕ್ಕ ಒಬ್ಬರಿದ್ದಾರೆ, ಅವರ ಜೊತೆ ಎರಡು ವಾರ ಹಾಕಿದರು. ಮೊದಲ ವಾರ ಬರೀ ಪಂಜರ ಬದಲಾಯಿಸಿದೆ. ಹಳೆಯ ಗೂಡಿನಿಂದ ಒಂದು ಹಿಡಿ ಹೊಸ ಪಂಜರಕ್ಕೆ ಹಾಕಬೇಕು, ಇಲ್ಲದಿದ್ದರೆ ಗಂಡು ಇಲಿಗಳು ಜಗಳ ಆಡುತ್ತವೆ ಅಂತ ಅವರೇ ತೋರಿಸಿದರು. ಉಚ್ಚೆ ತಾಗಿದ ನೆಲದ ಹಾಸು ಬೇಡ, ಗೂಡು ಮಾತ್ರ. ಇದು ಯಾವ ಸ್ಲೈಡ್‌ನಲ್ಲೂ ಇರಲಿಲ್ಲ.

ರಬ್ಬರ್ ಇಲಿ ನಮ್ಮಲ್ಲಿ ಇರಲಿಲ್ಲ, ತರಿಸಿದ್ದಾರೆ. ಅದರ ಮೇಲೆ ಸೂಜಿ ಹಾಕುವ ಕೋನ ಕಲಿತೆ. ಇಲಿಯ ತಲೆ ಸ್ವಲ್ಪ ಕೆಳಗೆ ಓರೆ ಮಾಡಿ, ಹೊಟ್ಟೆಯ ಕೆಳಭಾಗದಲ್ಲಿ, ಅದರ ಬಲಗಡೆಗೆ. ಮೊದಲು ಪಿಸ್ಟನ್ ಸ್ವಲ್ಪ ಹಿಂದಕ್ಕೆ ಎಳೆದು ಏನೂ ಬರುವುದಿಲ್ಲ ಅಂತ ನೋಡಿಕೊಂಡು ಆಮೇಲೆ ಒತ್ತೋದು. ಇಲಿಗೊಂದು ಹೊಸ ಸೂಜಿ. ಮೊನ್ನೆ ಎಂಟು ಇಲಿಗೆ ಕೊಟ್ಟೆ, ಅಕ್ಕ ಪಕ್ಕದಲ್ಲೇ ನಿಂತಿದ್ದರು. ಏಳಕ್ಕೆ ಒಂದೇ ಚುಚ್ಚಿನಲ್ಲಿ ಆಯಿತು. ಎಂಟನೆಯದು ಕೈಯಲ್ಲಿ ಜಾರಿತು, ಬಿಟ್ಟುಬಿಟ್ಟೆ. ಹತ್ತು ನಿಮಿಷ ಕೊಳವೆಯೊಳಗೆ ಕೂತಿತ್ತು, ಆಮೇಲೆ ಕೊಟ್ಟೆ.

ಎರಡನೇ ಪ್ರಶ್ನೆ ಹಾಗೇ ಇದೆ. ಪ್ರೊಟೊಕಾಲ್ ಮೊದಲಿಂದ ಓದಿದೆ. ಒಂದು ಭಾಗವನ್ನು ಜೀವಕೋಶಗಳಲ್ಲೇ ಮಾಡಬಹುದು ಅನ್ನಿಸಿತು, ಬರೆದು ಕೊಟ್ಟಿದ್ದೇನೆ. ಗೈಡ್ ಇನ್ನೂ ಓದಿಲ್ಲ.

ಒಂದೇ ತೊಂದರೆ, ಅನಿಮಲ್ ಹೌಸ್‌ನಿಂದ ಬಂದ ಮೇಲೆ ಸಂಜೆವರೆಗೂ ಸೀನು. ನೆಗಡಿ ಹಿಡಿದುಕೊಂಡಿದೆ.

ಪಂಜರದ ಪಾಲಕ:
ತಡೀರಿ. ಮೊದಲ ಪೋಸ್ಟ್‌ನಲ್ಲೂ ಕಣ್ಣು, ಮೂಗು ಸುರಿಯುತ್ತಿತ್ತು ಅಂದಿದ್ದಿರಿ. ಅತ್ತಿದ್ದಕ್ಕೆ ಅಂದುಕೊಂಡು ನಾವೆಲ್ಲ ದಾಟಿ ಹೋಗಿಬಿಟ್ಟೆವು. ಭಾನುವಾರ ಹೇಗಿರುತ್ತೆ?

ಹೊಸಕೈ:
ಭಾನುವಾರ ಇರಲ್ಲ ಅಣ್ಣ.

ಸೂಜಿಮದ್ದು:
ಹಾಗಾದರೆ ನೆಗಡಿ ಅಲ್ಲ. ಇಲಿಯ ಉಚ್ಚೆಯಲ್ಲಿರುವ ಪ್ರೋಟೀನ್‌ಗೆ ಅಲರ್ಜಿ ಇರಬಹುದು. ಗಂಡು ಇಲಿಗಳಲ್ಲಿ ಅದು ಜಾಸ್ತಿ, ಒಣಗಿ ಧೂಳಾಗಿ ಗಾಳಿಗೆ ಏಳುತ್ತೆ. ಪಂಜರ ಬದಲಾಯಿಸುವಾಗಲೇ ಅತಿ ಹೆಚ್ಚು, ನೀವು ಒಂದು ವಾರ ಮಾಡಿದ ಕೆಲಸವೇ ಅದು. ಇದನ್ನೂ ತರಬೇತಿಯ ಮೊದಲ ಗಂಟೆಯಲ್ಲೇ ಹೇಳಬೇಕಿತ್ತು. ನಿರ್ಲಕ್ಷ್ಯ ಮಾಡಿದರೆ ಕೆಲವರಿಗೆ ಅಸ್ತಮಾಗೆ ತಿರುಗುತ್ತೆ. ನಾಳೆಯೇ ಸಂಸ್ಥೆಯ ಡಾಕ್ಟರಿಗೆ ತೋರಿಸಿ, ಕೆಲಸದ ದಿನ ಮಾತ್ರ ಬರುತ್ತೆ ಅಂತ ಹೇಳಿ. ಸರ್ಜಿಕಲ್ ಮಾಸ್ಕ್ ಸಾಲದು, ಮುಖಕ್ಕೆ ಸರಿಯಾಗಿ ಕೂರುವ ಎನ್95 ಬೇಕು. ಗಾಳಿ ಎಳೆಯುವ ಕ್ಯಾಬಿನೆಟ್ ಇದ್ದರೆ ಪಂಜರ ಅದರೊಳಗೇ ತೆರೆಯಿರಿ. ಕೋಟ್ ಅಲ್ಲೇ ಬಿಟ್ಟು ಬನ್ನಿ, ಮನೆಗೆ ತರಬೇಡಿ.

ಪಂಜರದ ಪಾಲಕ:
ನಿಮ್ಮ ಆ ಅಕ್ಕನಿಗೂ ಸೀನು ಬರುತ್ತಾ ಅಂತ ಕೇಳಿ ನೋಡಿ. ನಮ್ಮವರು ಹೇಳಿಕೊಳ್ಳಲ್ಲ.

ಹೊಸಕೈ:
ಕೇಳಿದೆ. ಎಂಟು ವರ್ಷದಿಂದ ಬರ್ತಿದೆಯಂತೆ. ನಾಳೆ ಇಬ್ಬರೂ ಹೋಗ್ತಿದ್ದೀವಿ.